ಸವಾಲಪ್ಪನ ದನಿ, ಅಯ್ಯನೋರ ಹಿಂದಿನ ಜೇಬು

ಬರ್ರಿ, ಬಾಗಿಲಾಗ ಯಾಕ ನಿಂತೀರಿ. ಆ ಚಾಪಿ ಎಳಕೊಂಡು ಕೂಡ್ರಿ, ಫ್ಯಾನಿನ ಗಾಳಿ ಅಲ್ಲೀತನಕ ಬರತೈತಿ. ಕೈಯಾಗಿನ ಫೋನು ಒಂದೀಟು ಬೋರಲು ಹಾಕ್ರಿ. ಹಾಂ, ಈಗ ಕೇಳ್ರಿ.

ನಾನು ಸಾಲಿ ಮೆಟ್ಟಿಲು ಹತ್ತಿದವಳಲ್ಲ. ಕಂಡದ್ದು ಕೇಳಿದ್ದು ಎಲ್ಲ ಬಾಯಲ್ಲೇ ಇಟ್ಟುಕೊಂಡಿದ್ದೇನೆ, ಅದಕ್ಕೇ ಆಗಾಗ ಹೊರಗೆ ಹಾಕದಿದ್ದರೆ ತಡೆಯುವುದಿಲ್ಲ. ಬಳ್ಳಾರಿಯ ಪಾರ್ವತಿನಗರದಲ್ಲಿರುವ ನಮ್ಮ ಚಿಕ್ಕ ಕ್ರೈಸ್ತ ಸಭೆಯಲ್ಲಿ ನಗು ಬರುವಂಥದ್ದು ಏನಾದರೊಂದು ನಡೆಯದೆ ಭಾನುವಾರ ಮುಗಿದದ್ದೇ ಇಲ್ಲ. ದೇವರ ಮನೆಯಲ್ಲಿ ನಗಬಾರದು ಅಂತ ಎಲ್ಲರೂ ತುಟಿ ಬಿಗಿಹಿಡಿಯುತ್ತಾರೆ. ಹಿಡಿದಷ್ಟೂ ಹೊಟ್ಟೆಯೊಳಗಿಂದ ಒದ್ದುಕೊಂಡು ಬರುತ್ತದೆ. ನಗುವನ್ನು ಮಾಡಿದವನೂ ಆತನೇ ಅಲ್ಲವೇ ಅಂತ ನಾನು ಮಾತ್ರ ಸೆರಗು ಬಾಯಿಗೆ ಹಿಡಿದು ನಕ್ಕುಬಿಡುತ್ತೇನೆ.

ಇವತ್ತು ಹೇಳುವುದು ಸವಾಲಪ್ಪನ ದನಿಯ ಸಮಾಚಾರ. ಆ ದನಿ ಒಂದು ದಿನ ಹೋಗಿಬಿಟ್ಟಿತು. ತಿರುಗಿ ಬರುತ್ತದೋ ಇಲ್ಲವೋ ಅಂತ ನಾವೆಲ್ಲ ಜೀವ ಕೈಯಲ್ಲಿ ಹಿಡಿದು ಕೂತಿದ್ದೆವು. ಆದರೆ ಹೋಗುವುದಕ್ಕೆ ಮೊದಲು ಅದು ಹೇಗಿತ್ತು ಅಂತ ನಿಮಗೆ ಗೊತ್ತಾಗಬೇಕಲ್ಲ.

೧. ರೇಟು ಏರಿದ ಹಾಡು

ನಮ್ಮ ಅಯ್ಯನವರು, ಅಂದರೆ ಸಭೆಯ ಪಾದ್ರಿಗಳು, ಕಡಲ ಕಡೆಯಿಂದ ಬಂದವರು. ಹರೆಯದವರು, ಮಾತು ಅಚ್ಚು ಹಾಕಿದಂತೆ ಬರುತ್ತಿತ್ತು. ಅವರು ಒಂದು ಭಾನುವಾರ ತಲಾಂತಿನ ಮೇಲೆ ಪ್ರಸಂಗ ಮಾಡಿದರು. ಯಜಮಾನನೊಬ್ಬ ದೂರ ಊರಿಗೆ ಹೋಗುವಾಗ ಆಳುಗಳ ಕೈಗೆ ತಲಾಂತು, ಅಂದರೆ ಬೆಲೆಬಾಳುವ ಹಣದ ಗಂಟು ಕೊಟ್ಟುಹೋದ. ಒಬ್ಬ ಆಳು ಮಾತ್ರ ಅಂಜಿಕೊಂಡು ತನ್ನದನ್ನು ನೆಲದಲ್ಲಿ ಹೂತಿಟ್ಟ, ಆ ಸಂಗತಿ. ಕೊನೆಗೆ ಅಯ್ಯನವರು ಹೇಳಿದರು: "ನೀವು ಹೂತಿಡಬೇಡಿ. ಯಾವ ಕೆಲಸ ಮಾಡುವಾಗ ನಿಮ್ಮ ಮನಸ್ಸು ಹಿಗ್ಗುತ್ತದೋ, ಅದನ್ನೇ ದೇವರ ಬಳಿಗೆ ತನ್ನಿ."

ಮುಂದಿನ ಭಾನುವಾರ ಹೋಗಿ ನೋಡಿದರೆ, ಹಾಡುವವರ ಸಾಲಿನಲ್ಲಿ ಹೆಗಲ ಮೇಲೆ ಕೆಂಪು ಟವೆಲು ಹಾಕಿಕೊಂಡು ಸವಾಲಪ್ಪ ನಿಂತಿದ್ದಾನೆ.

ಸವಾಲಪ್ಪ ಅನ್ನುವುದು ಅವನ ದೀಕ್ಷಾಸ್ನಾನದ ಹೆಸರಲ್ಲ. ಅವನು ಮಾರ್ಕೆಟ್ ಯಾರ್ಡಿನಲ್ಲಿ ಉಳ್ಳಾಗಡ್ಡಿ ಸವಾಲು, ಅಂದರೆ ಹರಾಜು ಕೂಗುವವನು, ಅದಕ್ಕೇ ಎಲ್ಲರ ಬಾಯಲ್ಲೂ ಸವಾಲಪ್ಪ. ಯಾರ್ಡಿಗೆ ಆಂಧ್ರದ ಕಡೆಯ ವ್ಯಾಪಾರಿಗಳೂ ಬರುತ್ತಾರಲ್ಲ, ಹಾಗಾಗಿ ತೆಲುಗಿನಲ್ಲಿ ಕೂಗುತ್ತಿದ್ದ: "ಒಕಟೋ ಸಾರಿ, ರೆಂಡೋ ಸಾರಿ, ಮೂಡೋ ಸಾರಿ." ಮೂಡೋ ಸಾರಿ, ಅಂದರೆ ಮೂರನೇ ಸಲ ಅನ್ನುವಾಗ ಅಂಗೈ ಮೇಲೆ ಅಂಗೈ ಚಟಾರನೆ ಹೊಡೆದರೆ ವ್ಯಾಪಾರ ಮುಗಿದಂತೆ. ಆಮೇಲೆ ಅದನ್ನು ಯಾರೂ ಮುರಿಯುವ ಹಾಗಿಲ್ಲ.

ಹಾಡು ಶುರುವಾಯಿತು. ಸವಾಲು ಕೂಗುವವನ ಗಂಟಲು ಗೊತ್ತಲ್ಲ, ಒಬ್ಬೊಬ್ಬ ಕೇಳಿದ ಹಾಗೂ ದನಿ ಒಂದೊಂದು ಮೆಟ್ಟಿಲು ಮೇಲೆ ಹೋಗಬೇಕು. ಇವನು ಹಾಡನ್ನೂ ಹಾಗೇ ತೆಗೆದುಕೊಂಡ. ಪ್ರತಿ ಸಾಲಿಗೂ ಒಂದು ಮೆಟ್ಟಿಲು. ಉಳಿದವರು ಬಿಟ್ಟರೆ ಕೆಟ್ಟೆವು ಅಂತ ಹಿಂದೆ ಹಿಂದೆಯೇ ಏರಿದರು. ಮೂರನೇ ಚರಣಕ್ಕೆ ಬರುವಷ್ಟರಲ್ಲಿ ಹೆಣ್ಣುಮಕ್ಕಳೆಲ್ಲ ಹಿಮ್ಮಡಿ ಎತ್ತಿ ತುದಿಗಾಲಲ್ಲಿ ನಿಂತಿದ್ದರು. ಹಾರ್ಮೋನಿಯಂ ಮಾಸ್ತರು ಕೈ ಎತ್ತಿಬಿಟ್ಟರು.

"ನನ್ನ ಪೆಟಿಗ್ಯಾಗ ಬಿಳಿ ಪಟ್ಟಿನೂ ಮುಗದ್ವು, ಕರಿ ಪಟ್ಟಿನೂ ಮುಗದ್ವು. ಇನ್ನ ಮರಾ ಅಷ್ಟ ಉಳದೈತಿ," ಅಂದರು.

ಅಯ್ಯನವರು ಕೆಮ್ಮಿ, "ಕೊನೆಯ ಚರಣ ಇವತ್ತಿಗೆ ಬಿಡೋಣ," ಅಂದರು.

ಸವಾಲಪ್ಪನ ಮುಖ ಬಾಡಿತು. "ಯಾಕ್ರೀ ಅಯ್ಯನೋರ? ಈಗಷ್ಟ ರೇಟು ಏರಾಕ ಹತ್ತಿತ್ತು."

ಇಷ್ಟಕ್ಕೇ ನಿಂತಿದ್ದರೆ ಪರವಾಗಿರಲಿಲ್ಲ. ಆರಾಧನೆ ಮುಗಿಯುವಾಗ ನಮ್ಮಲ್ಲಿ ಮೂರು ಸಲ ಆಮೆನ್ ಹಾಡುವ ಪದ್ಧತಿ. ಮೊದಲನೇ ಆಮೆನ್ ಆಯಿತು. ಎರಡನೇ ಆಮೆನ್ ಆಯಿತು. ಮೂರನೇ ಆಮೆನ್ ಎಳೆದು ಮುಗಿಸಿದೆವೋ ಇಲ್ಲವೋ, ಸವಾಲಪ್ಪ ಕಣ್ಣು ಮುಚ್ಚಿಕೊಂಡೇ ಚಟಾರನೆ ಅಂಗೈ ಹೊಡೆದು "ಮೂಡೋ ಸಾರಿ" ಅಂತ ಕೂಗಿದ.

ಆ ದಿನ ನಮ್ಮನ್ನೆಲ್ಲ ದೇವರು ಯಾವ ರೇಟಿಗೆ ಕೊಂಡುಕೊಂಡನೋ ಆತನಿಗೇ ಗೊತ್ತು.

೨. ಹೇಳಲು ಹೋದದ್ದು

ಸಭೆಯ ಹಿರಿಯರೊಬ್ಬರು ಅಯ್ಯನವರ ಹತ್ತಿರ ಹೋದರು. "ಅವನ್ನ ಆ ಸಾಲಿನಿಂದ ಇಳಸ್ರಿ. ಇಲ್ಲಾ ಅಂದ್ರ ಹಾಡವ್ರೆಲ್ಲಾ ಇಳೀತಾರ." ಅಯ್ಯನವರಿಗೆ ಬಿಸಿತುಪ್ಪ. ಮನಸ್ಸು ಹಿಗ್ಗುವುದನ್ನು ತನ್ನಿ ಅಂದವರು ಅವರೇ. ತಂದವನಿಗೆ ತಿರುಗಿ ಒಯ್ಯಿ ಅನ್ನುವುದು ಹೇಗೆ? ನನ್ನನ್ನು ಕರೆದರು.

"ಅಜ್ಜಿ, ನಿಮ್ಮ ಮಾತಿಗೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ನೀವೇ ಮೆಲ್ಲಗೆ ಹೇಳಿಬಿಡಿ."

ಹೋದೆ. ಸವಾಲಪ್ಪನ ಹೆಂಡತಿ ಒಗ್ಗರಣೆ ಮಂಡಕ್ಕಿ, ಬಿಸಿ ಮಿರ್ಚಿ ತಂದಿಟ್ಟಳು. ಅವಳು ಗಂಡನಿಗೆ ತದ್ವಿರುದ್ಧ. ಅವಳ ಮಾತು ಕೇಳಬೇಕಾದರೆ ನಾವು ಉಸಿರಾಡುವುದನ್ನು ನಿಲ್ಲಿಸಬೇಕು. ನಾನು ಒಂದು ಮಿರ್ಚಿ ತಿಂದು ಬಾಯಿ ತೆರೆಯುವಷ್ಟರಲ್ಲಿ ಸವಾಲಪ್ಪನೇ ಶುರುಮಾಡಿದ.

"ದೊಡ್ಡವ್ವ, ಹುಟ್ಟಿದಾಗಿಂದ ಈ ದನಿಗೆ ಬೈಸಿಕೊಂಡೀನಿ. ಸಾಲ್ಯಾಗ ಮಾಸ್ತರು ಹೊರಗ ನಿಲ್ಲಸ್ತಿದ್ರು. ಮನ್ಯಾಗ ನಮ್ಮವ್ವ ಕಿವಿಗೆ ಹತ್ತಿ ಇಟ್ಕೊತಿದ್ಲು. ಯಾರ್ಡಿನ್ಯಾಗ ಸಾವುಕಾರ ಪಗಾರ ಕೊಟ್ಟು ಕೂಗಸ್ತಾನ, ಅದು ಹೊಟ್ಟಿಗೆ. ಬರೇ ಸಂತೋಷಕ್ಕ ನಾನು ಬಾಯಿ ತೆಗಿಯೋದು ಭಾನುವಾರ ಒಂದಿನ. ಹಿಂಗ ಹಾಡಾಕ ನಿಂತಾಗ ದೇವರು ನನ್ನ ಕಡಿಗೇ ತಿರಿಗಿ ಕೇಳಾಕತ್ತಾನ ಅನ್ನಿಸತೈತಿ."

ಕೇಳದೆ ಇರಲು ಆತನಿಗೂ ಸಾಧ್ಯವಿರಲಿಲ್ಲ ಅಂತ ನಾಲಿಗೆ ತುದಿಗೆ ಬಂತು. ಆದರೆ ಅವನ ಮುಖ ನೋಡಿ ನುಂಗಿಕೊಂಡೆ.

ಮಾರನೇ ದಿನ ಅಯ್ಯನವರು ಕೇಳಿದರು, "ಹೇಳಿದಿರಾ ಅಜ್ಜಿ?"

"ಹೇಳಿನ್ರೀ."

"ಏನಂದರು?"

"ಮಿರ್ಚಿಗೆ ಉಪ್ಪು ಒಂದೀಟು ಕಮ್ಮಿ ಆಗೈತಿ ಅಂತ ಹೇಳಿದೆ. ಹೌದು ದೊಡ್ಡವ್ವ ಅಂದ."

೩. ಬೆನ್ನ ಹಿಂದಿನ ಸಂಗತಿ

ಇನ್ನು ನನ್ನ ಸೊಸೆ. ಬಳ್ಳಾರಿಯಲ್ಲಿ ಜೀನ್ಸ್ ಪ್ಯಾಂಟು ಹೊಲಿಯುವ ಮಂದಿಗೇನು ಕಡಿಮೆಯೇ, ಅವರಲ್ಲಿ ಅವಳೂ ಒಬ್ಬಳು. ಆ ಕಾರ್ಖಾನೆಗಳಲ್ಲಿ ಒಬ್ಬರೇ ಇಡೀ ಪ್ಯಾಂಟು ಹೊಲಿಯುವುದಿಲ್ಲ. ಒಬ್ಬರು ಕಾಲು, ಒಬ್ಬರು ಸೊಂಟ, ಒಬ್ಬರು ಜಿಪ್ಪು. ನನ್ನ ಸೊಸೆಯದು ಹಿಂದಿನ ಜೇಬು. ಮದುವೆಯಾಗಿ ಬಂದಾಗಿನಿಂದ ಅದೊಂದೇ.

ತಲಾಂತಿನ ಪ್ರಸಂಗ ಕೇಳಿ ಮನೆಗೆ ಬಂದವಳು ಕಂಬಕ್ಕೆ ಒರಗಿ ಕೂತಳು. "ಅತ್ತಿ, ಎಲ್ಲಾರೂ ಏನೇನೋ ಕೊಡ್ತಾರ. ನನಗೇನು ಬರತೈತಿ? ಹಿಂದಿನ ಜೇಬು ಹೊಲಿಯಾಕ ಬರತೈತಿ. ದೇವರಿಗೆ ಅದು ಯದಕ್ಕ ಬೇಕು?"

"ಅಯ್ಯನೋರ ನಿಲುವಂಗಿ ಮೊಣಕೈಯಾಗ ಹರದೈತಿ. ಹೊಸಾದು ಹೊಲಕೊಡು," ಅಂದೆ.

ಬಿಳಿ ಬಟ್ಟೆ ತಂದಳು. ದಿನವಿಡೀ ಮಶೀನಿನ ಮುಂದೆ ಕೂತು ಬಂದವಳಿಗೆ ಮನೆಯಲ್ಲಿ ಮಶೀನು ಕಂಡರೇ ಆಗುತ್ತಿರಲಿಲ್ಲ. ಅಂಥವಳು ಹಾಡು ಗುನುಗುತ್ತಾ ಹೊಲಿದಳು. ನಾನು ಕೇಳಿಸಿಕೊಂಡು ಒಲೆಯ ಮುಂದೆ ಸುಮ್ಮನೆ ಕೂತಿದ್ದೆ. ಅವಳು ಹಾಡುತ್ತಾಳೆ ಅಂತ ಅಷ್ಟು ವರ್ಷ ನನಗೆ ಗೊತ್ತೇ ಇರಲಿಲ್ಲ.

ಅಯ್ಯನವರು ಹೊಸ ನಿಲುವಂಗಿ ತೊಟ್ಟು ಬಂದರು. ಮುಂದಿನಿಂದ ನೋಡಿದರೆ ಮಲ್ಲಿಗೆ ಹೂವಿನಂತೆ ಇತ್ತು. ಪ್ರಾರ್ಥನೆಗೆ ಅಂತ ನಮ್ಮ ಕಡೆ ಬೆನ್ನು ಮಾಡಿ ಮೊಣಕಾಲೂರಿದರು ನೋಡ್ರಿ, ಇಡೀ ಸಭೆ ಕಣ್ಣು ಮುಚ್ಚುವುದನ್ನೇ ಮರೆಯಿತು. ಬಿಳಿ ನಿಲುವಂಗಿಯ ಹಿಂದೆ, ಎಲ್ಲಿರಬೇಕೋ ಸರಿಯಾಗಿ ಅಲ್ಲೇ, ಎರಡು ಜೇಬು. ಹಳದಿ ದಾರದ ಜೋಡಿ ಹೊಲಿಗೆ. ಮೂಲೆಗೊಂದು ತಾಮ್ರದ ಗುಂಡಿ ಬೇರೆ.

ಸವಾಲಪ್ಪ ನನ್ನ ಕಡೆ ಬಾಗಿ ಪಿಸುಗುಟ್ಟಿದ. ಅವನ ಪಿಸುಮಾತು ಅಂದರೆ ಬೇರೆಯವರ ಕೂಗು. "ದೊಡ್ಡವ್ವ, ಅಯ್ಯನೋರ ಸೈಜು ಎಷ್ಟಂತ?"

ಅಯ್ಯನವರ ಕೈ ಮೆಲ್ಲಗೆ ಹಿಂದೆ ಬಂತು. ಜೇಬು ಸಿಕ್ಕಿತು. ಕೈ ಅಲ್ಲೇ ನಿಂತಿತು. ಪ್ರಾರ್ಥನೆಯೂ ಒಂದು ಗಳಿಗೆ ನಿಂತಿತು.

ಆರಾಧನೆ ಮುಗಿದ ಮೇಲೆ ಸೊಸೆ ಬಾಗಿಲ ಹಿಂದೆ ನಿಂತು ಅಳುತ್ತಿದ್ದಳು. "ಕೈ ತಾನ ಹೋಗಿಬಿಡ್ತು ಅತ್ತಿ. ಬಟ್ಟಿ ಮುಗೀತು ಅಂದ ಕೂಡ್ಲೇ ಜೇಬಿಗೆ ಹೋಗಿಬಿಡ್ತು. ಬಿಚ್ಚಿ ಕೊಡ್ತೀನಿ ಅಂತ ಹೇಳ್ರಿ."

ಅಯ್ಯನವರು ಎರಡೂ ಕೈ ಜೇಬಿಗೆ ಇಳಿಬಿಟ್ಟು ನೋಡಿದರು. ಆಮೇಲೆ, "ಬಿಚ್ಚಬೇಡಿ ತಂಗಿ. ನಿಮಗೆ ಎಲ್ಲಕ್ಕಿಂತ ಚೆನ್ನಾಗಿ ಬರುವುದನ್ನು ಕೊಟ್ಟಿದ್ದೀರಿ. ನಾನು ಕೇಳಿದ್ದೂ ಅದನ್ನೇ," ಅಂದರು.

ಅವಳ ಮುಖ ಆಗ ಅರಳಿದ್ದನ್ನು ನೀವು ನೋಡಬೇಕಿತ್ತು. ಆದರೆ ಸಭೆಯವರಿಗೆ ಅದರಿಂದ ಒಳ್ಳೆಯದಾಗಲಿಲ್ಲ. ಅಲ್ಲಿಯವರೆಗೆ ಅಯ್ಯನವರು ಪ್ರಸಂಗ ಮಾಡುವಾಗ ಕೈಗಡಿಯಾರ ಬಿಚ್ಚಿ ಕಣ್ಣ ಮುಂದೆ ಮೇಜಿನ ಮೇಲೆ ಇಡುತ್ತಿದ್ದರು. ಅಂದಿನಿಂದ ಅದನ್ನು ಹಿಂದಿನ ಜೇಬಿನಲ್ಲಿ ಇಟ್ಟುಕೊಳ್ಳತೊಡಗಿದರು. ಊಟಕ್ಕೆ ತಡವಾದಾಗಲೆಲ್ಲ ಮಂದಿ ನನ್ನ ಸೊಸೆಯನ್ನು ತಿರುಗಿ ತಿರುಗಿ ನೋಡುತ್ತಿದ್ದರು.

೪. ಸಿರುಗುಪ್ಪದ ಬಸ್ಸು

ನನ್ನದೂ ಒಂದು ಹೇಳಿಬಿಡುತ್ತೇನೆ. ನಾನು ಸಂಡೇ ಸ್ಕೂಲಿನ ಮಕ್ಕಳಿಗೆ ಕಥೆ ಹೇಳುತ್ತೇನೆ. ಓದಲು ಬಾರದು, ಕಿವಿಯಿಂದ ಕೇಳಿದ್ದನ್ನೇ ಹೇಳಬೇಕು. ಆ ದೂರ ದೇಶದ ಊರುಗಳ ಹೆಸರು ನನ್ನ ನಾಲಿಗೆಗೂ ಏಳುವುದಿಲ್ಲ, ಮಕ್ಕಳ ತಲೆಗೂ ಇಳಿಯುವುದಿಲ್ಲ. ಹಾಗಾಗಿ ನಾನು ಎಲ್ಲವನ್ನೂ ನಮ್ಮ ಕಡೆಗೇ ಕರೆತಂದುಬಿಡುತ್ತೇನೆ. ಒಂದು ಸಲ ಶುರುಮಾಡಿದರೆ ನಿಲ್ಲಿಸುವುದು ಮಾತ್ರ ಗೊತ್ತಿಲ್ಲ. ಅದಕ್ಕೇ ಅಯ್ಯನವರು ಗಂಟೆ ಹೊಡೆಯಲು ಒಬ್ಬರನ್ನು ಇಟ್ಟಿದ್ದರು. ನಾನು ಗಂಟೆಯನ್ನೂ ಕಥೆಯೊಳಗೆ ಸೇರಿಸಿಕೊಂಡು ಮುಂದುವರಿಸುತ್ತಿದ್ದೆ.

ಸಿರುಗುಪ್ಪದಲ್ಲಿ ಸುತ್ತಮುತ್ತಲ ಸಭೆಗಳ ಮಕ್ಕಳಿಗೆಲ್ಲ ಪ್ರಶ್ನೆ ಕೇಳುವ ಕಾರ್ಯಕ್ರಮ ಇಟ್ಟಿದ್ದರು. ನಮ್ಮ ಮಕ್ಕಳನ್ನು ಬಸ್ಸಿನಲ್ಲಿ ಕರೆದುಕೊಂಡು ಹೊರಟೆ. ಜೊತೆಗೆ ಸವಾಲಪ್ಪ. ಮಕ್ಕಳು ಬಸ್ ಸ್ಟ್ಯಾಂಡಿನಲ್ಲಿ ಕುರುಕಲು ತಿಂಡಿ ನೋಡುತ್ತಾ ನಿಂತಾಗ ಬಸ್ಸು ಹೊರಟೇಬಿಟ್ಟಿತು. ಸವಾಲಪ್ಪ ಒಂದೇ ಒಂದು ಸಲ "ಹೋಲ್ಡಾನ್" ಅಂದ. ನಮ್ಮ ಬಸ್ಸು ನಿಂತಿತು. ಹೊಸಪೇಟೆಯ ಬಸ್ಸೂ ನಿಂತಿತು. ಹೊರಗೆ ರಸ್ತೆಯಲ್ಲಿ ಭತ್ತದ ಟ್ರ್ಯಾಕ್ಟರು ನಿಂತು, ಅದರ ಡ್ರೈವರು ಕೆಳಗಿಳಿದು ಟೈರು ನೋಡುತ್ತಿದ್ದ.

ಸಿರುಗುಪ್ಪದಲ್ಲಿ ಪ್ರಶ್ನೆ ಕೇಳಲು ಒಬ್ಬ ವಯಸ್ಸಾದ ಅಯ್ಯನವರು ಕೂತಿದ್ದರು. ದಪ್ಪ ಕನ್ನಡಕ, ನಗು ಅಪರೂಪ.

"ಯೇಸುಸ್ವಾಮಿ ಜನರಿಗೆಲ್ಲ ಉಪದೇಶ ಮಾಡಿದ್ದು ಯಾವ ಗುಡ್ಡದ ಮೇಲೆ?"

ನಮ್ಮ ಮಕ್ಕಳು ಒಂದೇ ದನಿಯಲ್ಲಿ, "ಸಂಗನಕಲ್ಲು ಗುಡ್ಡದ ಮ್ಯಾಲ ರೀ."

ಅಯ್ಯನವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಇರಲಿ. ದೇವರ ಮಾತು ಮೀರಿ ಓಡಿಹೋಗಿ ಮೀನಿನ ಹೊಟ್ಟೆ ಸೇರಿದ ಪ್ರವಾದಿಯ ಕಥೆ ಗೊತ್ತೇ? ಅವನಿಗೆ ದೇವರು ಏನು ಹೇಳಿದ್ದ?"

ಒಬ್ಬ ಹುಡುಗಿ ಎದ್ದು ನಿಂತಳು. "ಸಿರುಗುಪ್ಪಕ್ಕ ಹೋಗಿ ಬುದ್ಧಿ ಹೇಳು ಅಂದಿದ್ನರೀ. ಅಂವ ಕುರುಗೋಡು ಬಸ್ಸು ಹತ್ತಿಬಿಟ್ಟ."

ಸಿರುಗುಪ್ಪದ ಮಂದಿಗೆ ಸಿಟ್ಟು ಬರುತ್ತದೋ ಅಂತ ನಾನು ತಲೆ ಬಗ್ಗಿಸಿ ಕೂತೆ. ಅಯ್ಯನವರು ಮುಂದಕ್ಕೆ ಬಾಗಿ ಕೇಳಿದರು, "ದೇವರು ಅಷ್ಟು ಸ್ಪಷ್ಟವಾಗಿ ಹೇಳಿದ ಮೇಲೂ ಕುರುಗೋಡು ಬಸ್ಸು ಯಾಕೆ ಹತ್ತಿದ?"

"ಸಿರುಗುಪ್ಪ ಬಸ್ಸಿನ್ಯಾಗ ಸೀಟು ಇರಲಿಲ್ಲ ರೀ."

ಅಯ್ಯನವರು ಎಷ್ಟು ನಕ್ಕರು ಅಂದರೆ ಕನ್ನಡಕ ಮಡಿಲಿಗೆ ಬಿತ್ತು. "ಅಮ್ಮಾ, ಕಥೆ ಸರಿಯಾಗೇ ಮುಟ್ಟಿದೆ, ವಿಳಾಸ ಒಂದು ತಪ್ಪಿದೆ," ಅಂದರು. ನಮ್ಮ ಮಕ್ಕಳಿಗೆ ಬಹುಮಾನ ಬರಲಿಲ್ಲ. ಬರುವಾಗ ಸವಾಲಪ್ಪ ಬಸ್ಸಿನಲ್ಲಿ ಮಕ್ಕಳಿಗೆ ಹಾಡು ಹೇಳಿಕೊಡಲು ಬಾಯಿ ತೆಗೆದ. ದನಿ ಹೊರಡಲಿಲ್ಲ. ನೀರು ಕುಡಿದು ಮತ್ತೆ ತೆಗೆದ. ಗರಗಸದ ಸದ್ದು ಬಂತು. "ದೂಳು ಹೋಗೈತಿ," ಅಂದ. ಮಕ್ಕಳು ನಕ್ಕರು, ನಾವೂ ನಕ್ಕೆವು.

೫. ಟವೆಲಿನ ಕೆಳಗಿನ ಮಾತು

ಅದು ದೂಳಾಗಿರಲಿಲ್ಲ. ಗಂಟಲೊಳಗೆ ದನಿ ಹುಟ್ಟುವ ಜಾಗದಲ್ಲೇ ಗಂಟು ಬೆಳೆದಿದೆ ಅಂದರು ಡಾಕ್ಟರು. ಆಪರೇಷನ್ ಆಯಿತು. ಕೆಟ್ಟ ಗಂಟಲ್ಲ ಅಂತ ತಿಳಿದು ನಾವೆಲ್ಲ ದೇವರಿಗೆ ಸ್ತೋತ್ರ ಹೇಳಿದೆವು. ಗಾಯ ಮಾಯುವವರೆಗೆ ಒಂದು ಮಾತೂ ಆಡಬಾರದು ಅಂತ ಅವನಿಗೆ ಕಟ್ಟಪ್ಪಣೆ. ಯಾರ್ಡಿನ ಸಾವುಕಾರ ಅವನ ಜಾಗಕ್ಕೆ ಮೈಕು ತಂದಿಟ್ಟ.

ಭಾನುವಾರ ಸವಾಲಪ್ಪ ಹಾಡುವವರ ಸಾಲು ಬಿಟ್ಟು ಹಿಂದೆ ಬಾಗಿಲ ಹತ್ತಿರ ಕೂತ. ಹಾಡು ಹತೋಟಿಯಲ್ಲಿ ನಡೆಯಿತು. ಹಾರ್ಮೋನಿಯಂ ಪಟ್ಟಿಗಳು ಸಾಕಾಗಿ ಉಳಿದವು. ಅವನನ್ನು ಇಳಿಸಿರಿ ಅಂದಿದ್ದ ಹಿರಿಯರೇ ಹಾಡಿನ ನಡುವೆ ಹಿಂತಿರುಗಿ ನೋಡುತ್ತಿದ್ದರು. ಬೇಡ ಅಂದದ್ದನ್ನು ದೇವರು ಇಷ್ಟು ಬೇಗ ಕೇಳಿಸಿಕೊಂಡನಲ್ಲ ಅಂತ ಅವರಿಗೇ ಅಂಜಿಕೆ. ಕೊನೆಗೆ ಅವರೇ ಎದ್ದು, ಅವನ ದನಿ ಅವನಿಗೆ ಕೊಡು ತಂದೆಯೇ ಅಂತ ಪ್ರಾರ್ಥನೆ ಮಾಡಿದರು. ಮೂರು ಆಮೆನ್ ಹಾಡಿದ ಮೇಲೆ ಯಾರೂ ಅಂಗೈ ಹೊಡೆಯಲಿಲ್ಲ. ನಾವೆಲ್ಲ ಇನ್ನೂ ಏನೋ ಬಾಕಿ ಇದೆ ಅನ್ನುವಂತೆ ನಿಂತೇ ಇದ್ದೆವು.

ಡಾಕ್ಟರು ಹೇಳಿದ ಕಾಲ ಮುಗಿಯಿತು. ಇನ್ನು ಮೆಲ್ಲಗೆ ಮಾತಾಡು ಅಂದರು. ಸವಾಲಪ್ಪ ಬಾಯಿ ತೆರೆಯಲಿಲ್ಲ. ಅವನ ಹೆಂಡತಿ ನನ್ನ ಮನೆಗೆ ಬಂದು ಕಣ್ಣೊರೆಸಿಕೊಂಡಳು.

"ದೊಡ್ಡವ್ವ, ಗಾಯ ಮಾಯ್ದೈತಿ ಅಂತಾರ. ಆದ್ರ ಬಾಯಿ ತೆಗದಾಗ ದನಿ ಬರಲಿಲ್ಲ ಅಂದ್ರ ಹೆಂಗ ಅಂತ ಅಂಜ್ತಾರ. ತೆಗೀದಿದ್ರ ಒಳಗ ಐತಿ ಅಂತ ಆಸೆರ ಇರತೈತಿ. ಆ ಆಳು ತಲಾಂತು ಹೂತಿಟ್ಟ ಅಂದ್ರಲ್ಲ ಅಯ್ಯನೋರು, ಹಂಗ ನಮ್ಮನಿಯವ್ರು ದನಿ ಹೂತಿಟ್ಟಾರ."

ಅಯ್ಯನವರನ್ನು ಕರೆದುಕೊಂಡು ಅವರ ಮನೆಗೆ ಹೋದೆ. ಬೆಳೆ ಹಬ್ಬ ಹತ್ತಿರ ಬಂದಿತ್ತು. ಆ ಹಬ್ಬಕ್ಕೆ ಬಳ್ಳಾರಿ, ಸಿರುಗುಪ್ಪ, ಕುರುಗೋಡಿನ ಸಭೆಗಳೆಲ್ಲ ಒಂದೆಡೆ ಸೇರುತ್ತವೆ. ಹೊಲದ್ದು, ಹಿತ್ತಲದ್ದು, ಕೈಯಲ್ಲಿ ಮಾಡಿದ್ದು ಏನಾದರೂ ತಂದು ದೇವರ ಮುಂದೆ ಇಡುತ್ತಾರೆ. ಆಮೇಲೆ ಅದನ್ನು ಸವಾಲು ಹಾಕುತ್ತಾರೆ. ಪ್ರತಿ ವರ್ಷ ಕೂಗುವವನು ಸವಾಲಪ್ಪನೇ.

ಈಗ ನಿಮಗೆ ಒಂದು ಯಾರ್ಡಿನ ರೀತಿ ಹೇಳಬೇಕು. ಹಳೇ ವ್ಯಾಪಾರಿಗಳು ರೇಟನ್ನು ಬಾಯಲ್ಲಿ ಆಡುವುದಿಲ್ಲ. ಕೈ ಕೈ ಹಿಡಿದು ಮೇಲೆ ಟವೆಲು ಮುಚ್ಚುತ್ತಾರೆ. ಕೆಳಗೆ ಬೆರಳು ಒತ್ತಿ ಕೇಳುವುದು, ಬೆರಳು ಒತ್ತಿ ಹೇಳುವುದು. ಒಂದು ಬೆರಳು ಒತ್ತಿದರೆ ಒಂದಿಷ್ಟು ಬಿಡು ಅಂತ ಕೇಳಿದಂತೆ, ಅದಕ್ಕೆ ಇಡೀ ಅಂಗೈ ಹಿಡಿದು ಒತ್ತಿದರೆ ಏನೂ ಬಿಡುವುದಿಲ್ಲ, ಪೂರ್ತಿ ಮಾಲು ನಿನ್ನ ಮೇಲೇ, ಮಾತು ಮುಗಿಯಿತು ಅಂತ ಅರ್ಥ.

ಸವಾಲಪ್ಪ ಗೋಡೆಯ ಕ್ಯಾಲೆಂಡರಿನಲ್ಲಿ ಹಬ್ಬದ ದಿನ ತೋರಿಸಿದ. ತನ್ನ ಗಂಟಲು ತೋರಿಸಿದ. ಬೇಡ ಅಂತ ತಲೆಯಾಡಿಸಿದ. ಅಯ್ಯನವರ ಕೈ ಹಿಡಿದು, ರೂಢಿಯಂತೆ ಟವೆಲು ಮುಚ್ಚಿ, ಒಂದು ಬೆರಳು ಒತ್ತಿದ. ಈ ಒಂದು ವರ್ಷ ನನ್ನನ್ನು ಬಿಟ್ಟುಬಿಡಿರಿ ಅಂತ. ಅಯ್ಯನವರಿಗೆ ಯಾರ್ಡಿನ ಸಂಗತಿ ಏನು ಗೊತ್ತು? ಪಾಪ, ದುಃಖ ತಡೆಯಲಾರದೆ ಕೈ ಹಿಡಿದಿದ್ದಾನೆ ಅಂದುಕೊಂಡರು. ಅವರ ಕಣ್ಣಲ್ಲೂ ನೀರು ಬಂತು. ಟವೆಲಿನ ಕೆಳಗೆ ಅವನ ಇಡೀ ಅಂಗೈ ಹಿಡಿದು ಚೆನ್ನಾಗಿ ಒತ್ತಿ, "ಆಗಲಿ, ಆಗಲಿ," ಅಂದರು.

ಸವಾಲಪ್ಪ ಕಣ್ಣು ಕಣ್ಣು ಬಿಟ್ಟ. ಹೆಂಡತಿ ಹಣೆ ಹಣೆ ಬಡಿದುಕೊಂಡಳು.

"ಏನಾಯಿತು ಅಮ್ಮ?"

"ಸವಾಲು ನೀನ ಕೂಗಬೇಕು ಅಂತ ಮಾತು ಮುಗಿಸಿಬಿಟ್ರಲ್ಲರೀ ಅಯ್ಯನೋರ."

"ನಾನು ಸಮಾಧಾನ ಹೇಳಿದೆ, ಅಷ್ಟೇ."

"ಟವೆಲಿನ ಕೆಳಗ ಸಮಾಧಾನ ಹೇಳಂಗಿಲ್ಲರೀ. ಅಲ್ಲಿ ಒತ್ತಿದ್ದು ಮೀರಾಕ ಬರಂಗಿಲ್ಲ. ಈ ಮನುಷ್ಯಾ ಇನ್ನ ಪ್ರಾಣ ಹೋದ್ರೂ ಹಬ್ಬಕ್ಕ ಬಂದು ನಿಲ್ತಾನ."

ಹೊರಗೆ ಬಂದ ಮೇಲೆ ಅಯ್ಯನವರು ತಮ್ಮ ಅಂಗೈಯನ್ನೇ ನೋಡಿಕೊಂಡರು. "ಅಜ್ಜಿ, ಈ ಊರಲ್ಲಿ ನಾನು ಇನ್ನೂ ಯಾರು ಯಾರ ಕೈ ಹಿಡಿದಿದ್ದೇನೋ," ಅಂದರು.

೬. ಕುರುಗೋಡಿನ ಕುಂಬಳಕಾಯಿ

ಆ ವರ್ಷ ಹಬ್ಬ ಕುರುಗೋಡಿನಲ್ಲಿ. ಶಾಮಿಯಾನದ ಕೆಳಗೆ ಜನವೋ ಜನ. ಕುರುಗೋಡಿನವರು ಅಂಜೂರದ ಬುಟ್ಟಿ ತಂದಿದ್ದರು, ಸಿರುಗುಪ್ಪದವರು ಹೊಸ ಅಕ್ಕಿ. ನನ್ನ ಸೊಸೆ ಜೀನ್ಸಿನ ತುಂಡುಗಳಲ್ಲಿ ಕೈಚೀಲ ಹೊಲಿದು ತಂದಿದ್ದಳು. ಒಂದೊಂದಕ್ಕೂ ಸುತ್ತ ಜೇಬು. ಮಾತಿಗೆ ತಪ್ಪದೆ ಸವಾಲಪ್ಪ ಮೇಜಿನ ಮುಂದೆ ನಿಂತ, ಹೆಗಲ ಮೇಲೆ ಕೆಂಪು ಟವೆಲು, ಬಾಯಿಗೆ ಬೀಗ. ಅವನು ಕೈಸನ್ನೆ ಮಾಡುವುದು, ಪಕ್ಕದಲ್ಲಿ ನಿಂತು ಬಾಯಿ ಮಾಡುವುದು ನಾನು. ಅಯ್ಯನವರೇ ಹಾಗೆ ಗೊತ್ತುಮಾಡಿದ್ದರು. ಅಜ್ಜಿಗೆ ದನಿಯಿದೆ, ಮಂದಿಯ ಅಂಜಿಕೆಯಿಲ್ಲ ಅಂತ.

ಮೊದಲ ಮಾಲು ಹಚ್ಚೊಳ್ಳಿಯ ಒಬ್ಬ ಹೆಣ್ಣುಮಗಳು ತಂದ ಕುಂಬಳಕಾಯಿ. ಸವಾಲಪ್ಪ ಅದನ್ನು ಎರಡೂ ಕೈಯಲ್ಲಿ ಎತ್ತಿ ತೋರಿಸಿ ನನ್ನ ಕಡೆ ಸನ್ನೆ ಮಾಡಿದ. ಶುರು ಮಾಡು ಅಂತ.

ನಾನು ಶುರು ಮಾಡಿದೆ. "ನೋಡ್ರಪಾ, ಇದನ್ನ ಬರೇ ಕುಂಬಳಕಾಯಿ ಅಂತ ತಿಳಕೋಬ್ಯಾಡ್ರಿ. ಇದರ ಬಳ್ಳಿ ಎಲ್ಲಿ ಹುಟ್ತು ಗೊತ್ತೇನು? ಈಕಿ ಅತ್ತಿ ಪಾತ್ರಿ ತೊಳದ ನೀರು ಚೆಲ್ಲೋ ಜಾಗದಾಗ. ಆ ಅತ್ತಿ ಎಂಥಾಕಿ ಅಂದ್ರ..."

ಸವಾಲಪ್ಪ ಕಾಯಿ ಇನ್ನೂ ಎತ್ತಿಕೊಂಡೇ ನಿಂತಿದ್ದ. ನಾನು ಅತ್ತೆಯನ್ನು ಮುಗಿಸಿ ಕಾಲುವೆಗೆ ಬಂದೆ. ಕಾಲುವೆಯಿಂದ ಪಕ್ಕದ ಮನೆಯ ಎಮ್ಮೆಗೆ ಬಂದೆ. ಎಮ್ಮೆ ಬಳ್ಳಿಗೆ ಬಾಯಿ ಹಾಕಿದ್ದು, ಎರಡು ಮನೆ ಮಾತು ಬಿಟ್ಟದ್ದು, ಈ ಕಾಯಿ ಮಾತ್ರ ಮಾಳಿಗೆ ಏರಿ ಉಳಿದದ್ದು. ಮಂದಿ ಬಿದ್ದು ಬಿದ್ದು ನಗುತ್ತಿದ್ದರು. ರೇಟು ಕೇಳುವವರೇ ಇಲ್ಲ. ಸವಾಲಪ್ಪ ಕಾಯಿ ಕೆಳಗಿಟ್ಟು ನನ್ನ ಸೆರಗು ಎಳೆದ. ಹಿಂದೆ ಯಾರೋ ಒಬ್ಬರು ಒಂದು ರೇಟು ಕೂಗಿದರು.

"ಯಾರಪಾ ಅದು? ಸಿರುಗುಪ್ಪದ ಕಂಪೌಂಡರ್ ಮಗ ಅಲ್ಲೇನು? ನಿಮ್ಮವ್ವನ ಮಣಕಾಲು ಹೆಂಗೈತಿ?" ಅಂದೆ.

ಸವಾಲಪ್ಪನ ಕಣ್ಣು ಕೆಂಪಗಾದವು. ಟವೆಲು ಬೀಸಿದ, ಕಾಲು ಅಪ್ಪಳಿಸಿದ, ಒಂದು ಬೆರಳು ನನ್ನ ಮೂಗಿನ ಮುಂದೆ ಹಿಡಿದ. ಸರಿ ಅಂತ ನಾನು "ಒಕಟೋ ಸಾರಿ" ಅಂದೆ. ಅಷ್ಟರಲ್ಲಿ ಇನ್ನು ಈ ಅಜ್ಜಿಯನ್ನು ಬಿಟ್ಟರೆ ಸಂಜೆಯಾಗುತ್ತದೆ ಅಂತ ಅಯ್ಯನವರು ಎದ್ದು, ಸಾಕು ಅನ್ನುವಂತೆ ಕೈ ಎತ್ತಿದರು. ಸವಾಲಿನಲ್ಲಿ ಕೈ ಎತ್ತಿದರೆ ಏನು ಅರ್ಥ? ಸವಾಲಪ್ಪ ತಟ್ಟನೆ ಅವರ ಕಡೆ ಬೆರಳು ತೋರಿಸಿದ. ರೇಟು ಏರಿತು.

"ಅಯ್ಯನೋರು ಕೇಳ್ಯಾರ. ರೆಂಡೋ ಸಾರಿ," ಅಂದೆ. ಆಮೇಲೆ ಜ್ಞಾಪಕ ಬಂತು. "ತಡೀರಿ, ಮೂರನೇದು ಅನ್ನೋಕಿಂತ ಮೊದ್ಲ ಆ ಎಮ್ಮಿ ಏನಾತು ಅಂತ ಹೇಳಿಬಿಡ್ತೀನಿ..."

"ಮೂಡೋ ಸಾರಿ."

ಚಟಾರನೆ ಅಂಗೈ ಸದ್ದು.

ಆ ದನಿ ನನ್ನದಲ್ಲ. ತುಕ್ಕು ಹಿಡಿದ ಗೇಟು ತೆರೆದಂತೆ, ಒಡೆದು, ತಳದಿಂದ ಬಂದ ದನಿ. ಶಾಮಿಯಾನದ ಕೆಳಗೆ ಕೂತಿದ್ದವರೆಲ್ಲ ಎದ್ದು ನಿಂತು ನೋಡಿದರು. ಸವಾಲಪ್ಪ ತನ್ನ ಬಾಯಿಯನ್ನು ಎರಡೂ ಕೈಯಿಂದ ಮುಚ್ಚಿಕೊಂಡಿದ್ದ. ಒಳಗಿಂದ ಇನ್ನೇನಾದರೂ ಓಡಿಹೋದೀತು ಅನ್ನುವಂತೆ.

ಅವನ ಹೆಂಡತಿ ಜನರ ನಡುವೆ ದಾರಿ ಮಾಡಿಕೊಂಡು ಬಂದಳು. ಅವನ ಕೈ ಹಿಡಿದು ಕೆಳಗಿಳಿಸಿದಳು. "ಇನ್ನೊಂದು ಮಾತು ಅನ್ರಿ," ಅಂದಳು. ಆವತ್ತು ಮೊದಲ ಸಲ ಅವಳ ಮಾತು ಹಿಂದಿನ ಸಾಲಿಗೂ ಕೇಳಿಸಿತು.

ಸವಾಲಪ್ಪ ಗಂಟಲು ಮುಟ್ಟಿಕೊಂಡ. ಹೆಂಡತಿಯನ್ನು ನೋಡಿದ, ನನ್ನನ್ನು ನೋಡಿದ. ಆಮೇಲೆ ಅದೇ ಒಡಕು ದನಿಯಲ್ಲಿ, "ಮಾತಿರಲಿ, ಮೊದ್ಲು ಈ ದೊಡ್ಡವ್ವನ್ನ ಕೆಳಗ ಇಳಸ್ರಿ. ಹಬ್ಬ ಕೆಡಸಾಕತ್ತಾಳ," ಅಂದ.

ನಾನು ಇಳಿದೆ. ಇಳಿದು ಮೂಲೆಯಲ್ಲಿ ಕೂತು ನಕ್ಕೆನೋ ಅತ್ತೆನೋ, ಸೆರಗು ಮಾತ್ರ ಒದ್ದೆಯಾಗಿತ್ತು. ಅಂಜಿಕೆ ಹೂತಿಟ್ಟದ್ದನ್ನು ಔಷಧಿ ತೆಗೆಯಲಿಲ್ಲ, ನಮ್ಮ ಸಮಾಧಾನದ ಮಾತು ತೆಗೆಯಲಿಲ್ಲ. ತಾನು ಪ್ರೀತಿಸಿದ ಕೆಲಸ ಕಣ್ಣ ಮುಂದೆ ಕೆಡುತ್ತಿದ್ದರೆ ಅವನಿಂದ ಸುಮ್ಮನಿರಲು ಆಗಲಿಲ್ಲ. ದೇವರು ನನ್ನ ಉದ್ದ ನಾಲಿಗೆಯನ್ನೂ ಒಂದು ಕೆಲಸಕ್ಕೆ ಇಟ್ಟುಕೊಂಡಿದ್ದ ಅಂತ ಆಗ ತಿಳಿಯಿತು.

ಅತ್ತ ಅಯ್ಯನವರು ಎತ್ತಿದ ಕೈಯನ್ನು ಇನ್ನೂ ಇಳಿಸಿರಲಿಲ್ಲ. ಅವರ ತೋಳಿಗೆ ಕುಂಬಳಕಾಯಿ ಬಂದು ಕೂತಿತು. ಮೂಡೋ ಸಾರಿ ಆದ ಮೇಲೆ ಮುರಿಯುವ ಹಾಗಿಲ್ಲವಲ್ಲ.

"ಇದನ್ನು ನಾನು ಎಲ್ಲಿಡಲಿ?" ಅಂದರು.

ನನ್ನ ಸೊಸೆ ಮೆಲ್ಲಗೆ ಅಂದಳು, "ಜೇಬು ಸಾಲಂಗಿಲ್ಲರೀ. ಹೊಸಾದು ಹೊಲಕೊಡ್ತೀನಿ."

ಮುಂದೆ ಯಾರು ಯಾರು ಏನಾದರು ಅಂತ ಕೇಳುತ್ತೀರಿ, ಗೊತ್ತು. ಅಯ್ಯನವರಿಗೆ ವರ್ಗವಾಯಿತು. ಹೋದ ಊರಿನಲ್ಲೂ ಅದೇ ನಿಲುವಂಗಿ ತೊಡುತ್ತಾರಂತೆ, ಅಲ್ಲಿಯ ಮಂದಿಗೂ ಊಟಕ್ಕೆ ತಡವಾಗುತ್ತದಂತೆ. ಯಾರ ಕೈ ಹಿಡಿಯಬೇಕಾದರೂ ಮೊದಲು ಅವರ ಹೆಗಲ ಮೇಲೆ ಟವೆಲು ಇದೆಯೋ ನೋಡುತ್ತಾರಂತೆ. ಸೊಸೆ ಈಗಲೂ ಕಾರ್ಖಾನೆಯಲ್ಲಿ ಹಿಂದಿನ ಜೇಬನ್ನೇ ಹೊಲಿಯುತ್ತಾಳೆ. ಮನೆಯಲ್ಲಿ ಮಾತ್ರ ಸಂಡೇ ಸ್ಕೂಲಿನ ಹೆಣ್ಣುಮಕ್ಕಳ ಲಂಗಕ್ಕೆಲ್ಲ ಜೇಬಿಟ್ಟು ಕೊಟ್ಟಿದ್ದಾಳೆ, ಅವುಗಳ ತುಂಬ ಕಡಲೆಕಾಯಿ. ಹಾರ್ಮೋನಿಯಂ ಮಾಸ್ತರಿಗೆ ವಯಸ್ಸಾಯಿತು, ಪೆಟ್ಟಿಗೆ ಮೊಮ್ಮಗಳ ಕೈಗೆ ಬಂದಿದೆ. ಸವಾಲಪ್ಪನ ಹೆಂಡತಿ ಆವತ್ತು ಹೊರಗೆ ಬಂದ ತನ್ನ ದನಿಯನ್ನು ತಿರುಗಿ ಒಳಗೆ ಹಾಕಲಿಲ್ಲ. ಈಗ ಆ ಮನೆಯಲ್ಲಿ ಮೆಲ್ಲಗೆ ಮಾತಾಡುವವನು ಗಂಡ. ನನ್ನನ್ನು ಸವಾಲಿಗೆ ಮತ್ತೆ ಯಾರೂ ಕರೆಯಲಿಲ್ಲ. ಎಮ್ಮೆ ಏನಾಯಿತು ಅಂತ ಕೇಳಲು ಮಾತ್ರ ಇವತ್ತಿಗೂ ಬರುತ್ತಾರೆ.

ಸವಾಲಪ್ಪ ಯಾರ್ಡಿಗೆ ಹೋಗುತ್ತಾನೆ, ಮೈಕು ಹಿಡಿದು ಕೂಗುತ್ತಾನೆ. ಭಾನುವಾರ ಹಾಡುವವರ ಸಾಲಿನಲ್ಲಿ ಅದೇ ಜಾಗದಲ್ಲಿ ನಿಲ್ಲುತ್ತಾನೆ. ಆಪರೇಷನ್ ಆದ ಗಂಟಲು ಮೇಲೆ ಏರುವುದಿಲ್ಲ. ಮೊದಲ ಸಾಲಿನಲ್ಲಿ ಎಲ್ಲಿರುತ್ತಾನೋ ಕೊನೆಯ ಸಾಲಿಗೂ ಅಲ್ಲೇ ಇರುತ್ತಾನೆ. ಹಾಡು ಈಗ ತಕ್ಕಡಿಯಲ್ಲಿ ತೂಗಿದಂತೆ ಸರಿಯಾಗಿ ನಡೆಯುತ್ತದೆ, ಯಾರೂ ತುದಿಗಾಲಲ್ಲಿ ನಿಲ್ಲಬೇಕಾಗಿಲ್ಲ.

ಹೋದ ಭಾನುವಾರ ಮೂರನೇ ಚರಣ ಮುಗಿದಾಗ, ಅವನನ್ನು ಇಳಿಸಿರಿ ಅಂದಿದ್ದ ಆ ಹಿರಿಯರೇ ಹಿಂದಿನಿಂದ ಬಾಗಿ ಅವನ ಕಿವಿಯಲ್ಲಿ ಏನೋ ಅಂದರು. ನಾನು ಪಕ್ಕದಲ್ಲೇ ಇದ್ದೆ, ಕೇಳಿಸಿಕೊಂಡೆ.

"ಸವಾಲಪ್ಪ, ಒಂದೀಟು ರೇಟು ಏರಸೋ ಮಾರಾಯಾ."